ರೌನೊನ ಬಂದೂಕಿನ ಗಂಟಲು

ಅಯ್ಯೋ, ತೋಟಾದ ಮೂತಿ ಹಿಡಿದು ಅಳತೆ ತೆಗೀಬೇಡ್ವೋ! ಎಷ್ಟು ಸಲ ಹೇಳಲಿ... ಕೊಡು ಇಲ್ಲಿ. ಕೊಡೋ, ಸಿಡಿಯಲ್ಲ ಅದು. ನೋಡು ಇಸ್ಮೊ, ತೋಟಾ ಅಂದ್ರೆ ಏನು? ಕೆಳಗೆ ಹಿತ್ತಾಳೆ, ಅದರ ಹೊಟ್ಟೆಯಲ್ಲಿ ಮದ್ದು, ಮೇಲೆ ಗುಂಡು. ಈ ಗುಂಡಿನ ಮೂತಿಯನ್ನ ಮಾತ್ರ ನಂಬಬಾರದು. ಕಾರ್ಖಾನೆಯಿಂದ ಬರೋವಾಗಲೇ ಒಂದು ಚೂಪು, ಇನ್ನೊಂದು ಮೊಂಡು. ನಮ್ಮೂರ ಗಂಡಸರ ಮೂಗಿದ್ದ ಹಾಗೆ! ...ಯಾಕೋ, ನಗಲ್ವಾ? ಬಂದಾಗಿಂದ ಮುಖ ಗಂಟು ಹಾಕ್ಕೊಂಡೇ ಕೂತಿದೀಯ. ಸರಿ, ಬಿಡು.

ಅದಕ್ಕೇ ಈ ಹಿತ್ತಾಳೆ ಬಳೆ. ನಾನೇ ಲೇತ್‌ನಲ್ಲಿ ಕಡೆದದ್ದು. ಗುಂಡಿನ ಮೇಲೆ ಹೀಗೆ ಇಳಿಬಿಡು... ಇಳಿಬಿಡು ಅಂದೆ, ಒತ್ತಬೇಡ... ಹಾಂ! ತಾನಾಗೇ ಹೋಗಿ ಗುಂಡಿನ ಹೆಗಲ ಮೇಲೆ ಕೂತ್ಕೊಳ್ತು ನೋಡು. ನಳಿಗೆ ಒಳಗಿನ ಗೀರುಗಳು ಗುಂಡನ್ನ ಮೊದಲು ಮುಟ್ಟೋದು ಇದೇ ಜಾಗದಲ್ಲಿ. ಈಗ ಈ ಅಳತೆ ಇಕ್ಕಳದ, ಅದೇ ಕ್ಯಾಲಿಪರಿನ, ಒಂದು ದವಡೆ ತೋಟಾದ ತಳಕ್ಕೆ, ಇನ್ನೊಂದು ಬಳೆಗೆ. ಮೆಲ್ಲಗೆ ಮುಚ್ಚು. ಓದು. ...ಓದಿದ್ಯಾ? ಬಾಯಿಬಿಟ್ಟು ಹೇಳಬಾರದಾ? ಓದ್ಕೊಂಡ್ಯಲ್ಲ, ಸಾಕು. ಗುಂಡು ಯಾವ ಕಂಪನಿದಾದ್ರೂ ಆಗಲಿ, ಮೂತಿ ಹೇಗಾದ್ರೂ ಇರಲಿ, ಈ ಬಳೆ ಇಟ್ಟು ಅಳೆದ ಅಳತೆ ಸುಳ್ಳು ಹೇಳಲ್ಲ. ಇದೊಂದು ಮನಸ್ಸಲ್ಲಿಟ್ಕೊ.

ಖುಷಿ ಆಯ್ತು ಕಣೋ ನನಗೆ. ನಿಜವಾಗ್ಲೂ. ಇಷ್ಟು ವರ್ಷ ಊರಿನ ಶಿಕಾರಿ ತಂಡಕ್ಕೆಲ್ಲ ತೋಟಾ ತುಂಬಿಕೊಟ್ಟಿದೀನಿ, ಒಬ್ಬನಾದ್ರೂ ‘ಸುಲೊ, ಹೇಗೆ ಅಳೀತೀಯ ತೋರಿಸು’ ಅಂದಿದ್ನಾ? ಪೆಟ್ಟಿಗೆ ಎತ್ಕೊಂಡು ಹೋಗೋರು, ಮೂಸ್ ಕಡವೆ ಹೊಡೆಯೋರು, ಮಾಂಸ ಹಂಚ್ಕೊಳ್ಳೋರು. ನೀನೊಬ್ಬ ಕೇಳಿದೆ ನೋಡು. ಕೇಳದೆ ಇರ್ತೀಯಾ! ಚರ್ಚಿನಲ್ಲಿ ನಿನ್ನ ತಲೆಗೆ ನೀರು ಹಾಕಿ ಹೆಸರಿಟ್ಟಾಗ ನಿನ್ನನ್ನ ಎತ್ತಿಕೊಂಡು ನಿಂತಿದ್ದವನು ನಾನು. ನಿಮ್ಮಣ್ಣ ರೌನೊ ಪಕ್ಕದಲ್ಲಿ ನಿಂತು ಚಡ್ಡಿ ಎಳ್ಕೊಳ್ತಿದ್ದ. ಆಗಲೇ ಅವನಿಗೆ ಒಂದು ಕಡೆ ನಿಲ್ಲೋಕೆ ಬರ್ತಿರಲಿಲ್ಲ.

ಕಾಫಿ ಕುಡಿಯೋ. ಏಲಕ್ಕಿ ಬನ್ನು ತಗೋ, ಬೆಳಿಗ್ಗೆ ತಂದಿದ್ದು. ಬೇಡ್ವಾ? ...ಆಮೇಲೆ ಕುಡೀತೀಯ. ಸರಿ.

ಆ ಗೋಡೆ ಮೇಲಿನ ಹಲಗೆ ನೋಡು. ತಂಡದವರಿಗೆ ಒಬ್ಬೊಬ್ಬರಿಗೂ ಒಂದೊಂದು ಮೊಳೆ. ಮೊಳೆಗೊಂದು ಹುಸಿ ತೋಟಾ ನೇತಾಡ್ತಿದೆ. ಮದ್ದಿಲ್ಲ, ಕಿಡಿ ಹೊತ್ತಿಸೋ ಕೇಪಿಲ್ಲ, ಬರೀ ಅಳತೆಗೆ ಅಂತ ಇಟ್ಕೊಂಡಿರೋದು. ಯಾಕೆ ಬೇರೆ ಬೇರೆ? ಒಂದೊಂದು ಬಂದೂಕಿಗೆ ಒಂದೊಂದು ಗಂಟಲು ಕಣೋ. ತೋಟಾ ಕೂರೋ ಮನೆಯಿಂದ ಗೀರು ಶುರುವಾಗೋ ತನಕ ಇರೋ ಜಾಗ, ಅದನ್ನ ನಾನು ಗಂಟಲು ಅಂತೀನಿ. ಗುಂಡು ಆ ಗೀರಿನ ಹತ್ತಿರ ನಿಂತಿರಬೇಕು, ಆದ್ರೆ ತಾಗಬಾರದು. ಹೊಸ್ತಿಲ ಹತ್ರ ನಿಂತ ನೆಂಟನ ಹಾಗೆ. ಆಗ ನೋಡು, ನೇರ ಹೋಗುತ್ತೆ. ತೀರಾ ದೂರ ಇದ್ರೆ ಹಾರಿ ಹೋಗಿ ಗೀರಿಗೆ ಬಡಿದು ಓರೆ ಆಗುತ್ತೆ.

ಇನ್ನು ತಾಗೇಬಿಟ್ರೆ? ಬೇಡಪ್ಪಾ. ಗಿಡ್ಡ ಗಂಟಲಿಗೆ ಉದ್ದ ತೋಟಾ ತುರುಕಿದ್ರೆ ಗುಂಡು ಗೀರಲ್ಲಿ ಸಿಕ್ಕಿಹಾಕ್ಕೊಂಡು ನಿಲ್ಲುತ್ತೆ. ಹಿಂದಿಂದ ಮದ್ದು ಉರೀತು, ಮುಂದೆ ದಾರಿ ಬಿಗಿ. ಒತ್ತಡ ಏರಿ ಹಿಂದಕ್ಕೆ ನುಗ್ಗುತ್ತೆ. ಹಿಂದೆ ಏನಿರುತ್ತೆ ಹೇಳು? ನಿನ್ನ ಕೆನ್ನೆ. ನಿನ್ನ ಕಣ್ಣು. ಹಾಗಾಗೋದನ್ನ ಒಂದ್ಸಲ ನೋಡಿದೀನಿ, ಇನ್ನೊಂದ್ಸಲ ನೋಡೋಕೆ ನನ್ನಿಂದ ಆಗಲ್ಲ.

ಗಂಟಲು ಯಾವಾಗಲೂ ಒಂದೇ ಥರ ಇರಲ್ಲ, ಅದೂ ಗೊತ್ತಿರಲಿ. ಹೊಡೆದ ಹಾಗೆ ಹೊಡೆದ ಹಾಗೆ ಬೆಂಕಿಗೆ ಸವೀತಾ ಹೋಗುತ್ತೆ. ಸವೆದ ಹಾಗೆ ಉದ್ದ ಆಗುತ್ತೆ. ಅದಕ್ಕೇ ಪ್ರತಿ ವಸಂತದಲ್ಲಿ ಎಲ್ಲರ ಬಂದೂಕು ತರಿಸ್ತೀನಿ, ನಳಿಗೆಯೊಳಗೆ ಕಡ್ಡಿ ಇಳಿಸಿ ಮತ್ತೆ ಅಳೀತೀನಿ, ತೋಟಾ ಒಂದು ಕೂದಲೆಳೆ ಉದ್ದ ಮಾಡ್ತೀನಿ. ಉದ್ದ ಆಗೋದೇ ಹೊರತು ಗಿಡ್ಡ ಆಗೋದು ಅಂತ ಇಲ್ಲವೇ ಇಲ್ಲ. ಸವೆದ ಗಂಟಲು ಮತ್ತೆ ಬೆಳೆಯುತ್ತಾ? ನಮಗೇ ಬೆಳೆಯಲ್ಲ! ...ಇದಕ್ಕೂ ನಗಲ್ವಾ. ಏನೋ ನೀನು, ಕಲ್ಲಿನ ಥರ.

ಗೊತ್ತು, ಗೊತ್ತು. ದುಃಖ. ನನಗಿಲ್ವಾ? ರೌನೊ ನನಗೇನು ಬೇರೆಯವನಾ? ಹುಡುಕೋಕೆ ಮುಂದೆ ನಿಂತೋನು ಯಾರು? ನಾನು. ಅವನ ದೋಣಿ ಖಾಲಿ ತೇಲ್ಕೊಂಡು ಮೂಡಲ ಕೊಲ್ಲಿಯಲ್ಲಿ ಸಿಕ್ಕಾಗ, ಪೊಲೀಸರಿಗೆ ಜಾಗ ತೋರಿಸಿದೋನು ನಾನು. ‘ಅವನು ಬಲೆ ಹಾಕೋದು ಇಲ್ಲೇ, ಮೂಡಲಲ್ಲೇ, ಇಲ್ಲೇ ಹುಡುಕಿ’ ಅಂತ ಗಂಟಲು ಹರ್ಕೊಂಡೆ. ಮುಳುಗುಗಾರರು ಬಂದ್ರು, ಗಾಳದ ಸರಪಣಿ ಎಳೆದ್ರು. ಸಿಗಲಿಲ್ಲ. ನಾನೇನು ಮಾಡಲಿ? ನಿನ್ನ ಜೊತೆ ಒಂದೇ ದೋಣಿಯಲ್ಲಿ ಕೂತು ನಾನೂ ನೀರಿಗೆ ಕಣ್ಣು ಹಾಕ್ಕೊಂಡೇ ಇದ್ದೆ. ಕೈ ಮರಗಟ್ಟಿತ್ತು, ಆದ್ರೂ ಹುಟ್ಟು ಬಿಡಲಿಲ್ಲ.

ಈಗ ದಡದಲ್ಲಿ ಮಂಜುಗಡ್ಡೆ ಕೆನೆಗಟ್ಟೋಕೆ ಶುರುವಾಗಿದೆ, ಕಿಟಕಿಯಿಂದ ನೋಡಿದ್ಯಾ? ಇನ್ನು ನಾಕು ದಿನ ಗಾಳಿ ನಿಂತ್ರೆ ಕೆರೆ ಪೂರ್ತಿ ಮುಚ್ಕೊಳ್ಳುತ್ತೆ. ಆಮೇಲೆ ವಸಂತದವರೆಗೆ ಯಾರೂ ಇಳಿಯೋ ಹಾಗಿಲ್ಲ. ನಿಮ್ಮತ್ತಿಗೆ ಹೆಲ್ವಿ ನಿನ್ನೆ ಅಂಗಡಿಯಲ್ಲಿ ಸಿಕ್ಕಿದ್ಲು. ಸತ್ತವರ ಹಬ್ಬಕ್ಕೆ ಮೇಣದ ಬತ್ತಿ ಕೊಂಡಿದ್ಲು, ಆ ದೊಡ್ಡದು, ಗಾಜಿನ ಬುರುಡೆಯದ್ದು. ಕೊಂಡ್ಕೊಂಡು ಅಲ್ಲೇ ನಿಂತಿದ್ಲು ಕಣೋ. ಎಲ್ಲರೂ ತಮ್ಮೋರ ಸಮಾಧಿ ಮೇಲೆ ಹಚ್ತಾರೆ, ಗಂಡನ ಬತ್ತಿಯನ್ನ ಅವಳು ಎಲ್ಲಿ ಹಚ್ಚಬೇಕು? ‘ಸುಲೊ, ಇದನ್ನ ಎಲ್ಲಿಡಲಿ?’ ಅಂದ್ಲು. ನಾನು... ನಾನು ಹಾಲು ತಗೊಳ್ಳೋದನ್ನ ಮರೆತು ಮನೆಗೆ ಬಂದ್ಬಿಟ್ಟೆ.

ಹಾಗೆ ನೋಡಬೇಡ್ವೋ. ಹೌದು, ನನಗೂ ರೌನೊಗೂ ಮಾತಿರಲಿಲ್ಲ. ಊರಿಗೇ ಗೊತ್ತು, ಮುಚ್ಚಿಡೋದೇನಿದೆ? ಬೇಸಿಗೆಯ ಗುರಿ ಪರೀಕ್ಷೆಯಲ್ಲಿ ನನ್ನ ಕೈ ನಡುಗ್ತು. ನಾಕು ಗುಂಡಿನಲ್ಲಿ ಎರಡು ಹಲಗೆಯಿಂದಲೇ ಆಚೆ ಹೋದ್ವು. ಪರೀಕ್ಷೆ ಆಗದೆ ಮೂಸ್ ಮೇಲೆ ಬಂದೂಕು ಎತ್ತೋ ಹಾಗಿಲ್ಲ, ಅದು ಕಾನೂನು, ಒಪ್ಕೋತೀನಿ. ತಂಡದ ಯಜಮಾನ ಅವನು. ಮೆತ್ತಗೆ ಬಂದು ಹೇಳಬಹುದಿತ್ತು. ಆದ್ರೆ ಎಲ್ಲರ ಎದುರಿಗೆ, ಸಾಸೇಜ್ ತಿಂತಾ, ಏನಂದ ಗೊತ್ತಾ? ‘ಸುಲೊ ಕೂದಲೆಳೆ ಅಳೀತಾನೆ, ಅವನ ಕೈ ಮೊಳದುದ್ದ ಹೋಗುತ್ತೆ!’ ಎಲ್ಲರೂ ನಕ್ರು. ನೀನೂ ನಕ್ಕೆ, ನಾನು ನೋಡಿದೀನಿ. ‘ಈ ಸಲ ನೀನು ಕಾಫಿ ಬೆಂಕಿ ನೋಡ್ಕೊ ತಾತಾ’ ಅಂದ. ತಾತ! ನನಗಿಂತ ಎಷ್ಟು ಚಿಕ್ಕೋನು ಅವನು?

ಅವತ್ತಿಂದ ಅವನ ಮುಖ ನೋಡಿಲ್ಲ. ನಡುಬೇಸಿಗೆಯ ಯುಹಾನ್ನುಸ್ ಹಬ್ಬದ ಬೆಂಕಿಗೂ ಹೋಗಲಿಲ್ಲ. ಅವನ ಮನೆ, ಅವನ ಮೀನು ಗುಡಿಸಲು, ಅವನ ಬಂದೂಕು, ಒಂದರ ಹತ್ರಕ್ಕೂ ಸುಳಿದಿಲ್ಲ. ಪೊಲೀಸರಿಗೂ ಇದನ್ನೇ ಹೇಳಿದೆ. ನಿನಗೂ ಅದನ್ನೇ ಹೇಳ್ತಿದೀನಿ.

ಆದ್ರೂ ನೀನು ಅಂಗಡಿ ಮುಂದೆ ಅಡ್ಡ ಹಾಕಿ ‘ಅಣ್ಣನ ಬಂದೂಕು ಹೆಲ್ವಿ ನನಗೆ ಕೊಟ್ಟಿದ್ದಾಳೆ, ಈ ಶಿಕಾರಿಗೆ ಅದನ್ನೇ ಒಯ್ತೀನಿ, ಒಂದು ಪೆಟ್ಟಿಗೆ ತುಂಬಿಕೊಡು’ ಅಂದಾಗ ಇಲ್ಲ ಅಂದ್ನಾ? ಬಂದೂಕು ತಂದು ತೋರಿಸು ಅಂತಲೂ ಅನ್ನಲಿಲ್ಲ. ತಗೋ, ಇಲ್ಲಿದೆ ಪೆಟ್ಟಿಗೆ. ಒಂದೊಂದೇ ಮದ್ದು ತೂಗಿ, ಒಂದೊಂದೇ ಗುಂಡು ಕೂರಿಸಿದ್ದು. ಕೈ ನಡುಗುತ್ತೆ ಅಂತಾರೆ, ಬಂದು ನೋಡಲಿ. ಈ ಬೆಂಚಿನ ಮುಂದೆ ಕೂತ್ರೆ ನಡುಗಲ್ಲ. ಇಲ್ಲಿ ನಡುಗೋದೇ ಇಲ್ಲ.

ಹೊರಟ್ಯಾ? ...ಓ, ಹಲಗೆ ನೋಡೋಕಾ. ನೋಡು, ನೋಡು. ಅದು ನಿಂದು, ಎಡಗಡೆಯಿಂದ ಮೂರನೇದು. ಅಳೆದು ನೋಡು ಬೇಕಾದ್ರೆ.

ಅದಲ್ಲ. ಅದು ಬೇಡ. ಇಸ್ಮೊ, ಅದು ರೌನೊಂದು. ಹೆಲ್ವಿ ಬಂದು ಮೊಳೆಗೆ ಕಪ್ಪು ರಿಬ್ಬನ್ನು ಕಟ್ಟಿ ಹೋಗಿದ್ದಾಳೆ, ಕಾಣಿಸಲ್ವಾ? ಅದನ್ನ ನಾನು ಮುಟ್ಟೂ ಇಲ್ಲ. ಧೂಳು ನೋಡು ಎಷ್ಟಿದೆ. ಇರಲಿ ಬಿಡು, ಸತ್ತೋನ ವಸ್ತು... ಕೇಳ್ತಿದೆಯಾ? ಬಿಚ್ಚಬೇಡ ಅಂದೆ!

...ಬಿಚ್ಚಿದೆಯಲ್ಲ. ಆಯ್ತು. ನಿಮ್ಮಣ್ಣಂದು, ನಿನ್ನ ಹಕ್ಕು. ಬಳೆ ಇಲ್ಲಿದೆ. ಬೇಗ ಅಳೆದು ವಾಪಸ್ ನೇತುಹಾಕು. ವಸಂತದಲ್ಲಿ ತೆಗೆದ ಅಳತೆ ಅದು. ಹಳೇ ನಳಿಗೆ, ಅಪ್ಪನ ಕಾಲದ್ದು, ಗಂಟಲು ಸವೆದು ಸುರಂಗ ಆಗಿತ್ತು. ಅದಕ್ಕೇ ತೋಟಾ ಅಷ್ಟು ಉದ್ದ. ತಂಡದಲ್ಲೇ ಎಲ್ಲಕ್ಕಿಂತ ಉದ್ದ. ನೋಡಿದ್ಯಲ್ಲ? ಇನ್ನು ಇಡು.

ಪೆಟ್ಟಿಗೆ ಯಾಕೆ ಬಿಚ್ತಿದೀಯ? ಅದರಲ್ಲೇನು ಅಳೆಯೋದು? ನಾನು ಅಳೆದಿದೀನಲ್ಲ, ಎಲ್ಲ ಒಂದೇ ಸಮ ಇವೆ. ನಂಬಿಕೆ ಇಲ್ವಾ ನನ್ನ ಮೇಲೆ? ಇಸ್ಮೊ... ಆ ಕ್ಯಾಲಿಪರ್ ನಾಜೂಕಿಂದು, ಕೊಡು ಇಲ್ಲಿ... ಕೈ ಬಿಡೋ.

ಹೂಂ. ಅಳೆದು ನೋಡು.

...

ಏನು? ಯಾಕೆ ಹಾಗೆ ನೋಡ್ತೀಯ? ಎರಡನ್ನೂ ಪಕ್ಕ ಪಕ್ಕ ನಿಲ್ಲಿಸಿ ಏನು ತೋರಿಸ್ತಿದೀಯ? ಕಾಣುತ್ತೆ, ನನಗೂ ಕಣ್ಣಿದೆ. ಹೊಸದು ಗಿಡ್ಡ ಇದೆ. ಒಂದೂವರೆ ಮಿಲಿಮೀಟರ್. ಅದಕ್ಕೇನೀಗ? ಅದು... ಗುಂಡು ಬೇರೆ ಕಂಪನಿದು ಕಣೋ. ಮೂತಿ ಬೇರೆ ಥರ. ಅದಕ್ಕೇ ಗಿಡ್ಡ... ಕಾಣ್ಸುತ್ತೆ.

ಬಳೆ ತೋರಿಸಬೇಡ. ಹೌದು, ನಾನೇ ಹೇಳಿದ್ದು. ಬಳೆ ಇಟ್ರೆ ಮೂತಿ ಲೆಕ್ಕಕ್ಕಿಲ್ಲ ಅಂತ. ಹೇಳಿದೆ. ಹಾಗಾದ್ರೆ... ಗಂಟಲೇ ಸ್ವಲ್ಪ... ಬೇಸಿಗೆಯಲ್ಲಿ ತಣ್ಣಗೆ ಇಟ್ಟಿದ್ದಕ್ಕೆ... ಇಲ್ಲ. ಗಿಡ್ಡ ಆಗಲ್ಲ. ಅದನ್ನೂ ನಾನೇ ಹೇಳಿದೆ. ಏನಪ್ಪಾ ನೀನು, ಶಿಷ್ಯನ ಥರ ಬಂದು ಕೂತು, ನನ್ನ ಬಾಯಿಂದ ಒಂದೊಂದೇ ಕೀಳ್ತಾ ಇದ್ಯಾ?

ಸರಿ ಕೇಳು. ನಿಜ ಹೇಳ್ತೀನಿ. ರೌನೊ ಹೊಸ ನಳಿಗೆ ಹಾಕಿಸಿದ್ದ. ನಿನಗೆ ಗೊತ್ತಿರಲಿಲ್ಲ ಅಲ್ವಾ? ಯಾರಿಗೂ ಹೇಳಿರಲಿಲ್ಲ, ಹೆಲ್ವಿಗೂ ಹೇಳಿರಲಿಲ್ಲ. ಶಿಕಾರಿ ಮೊದಲನೇ ದಿನ ಎಲ್ಲರ ಹೊಟ್ಟೆ ಉರಿಸಬೇಕು ಅಂತಿದ್ದ, ಅವನ ಬುದ್ಧಿ ಗೊತ್ತಲ್ಲ. ಹೊರಗಿಂದ ನೋಡೋಕೆ ಹಳೇದರ ಥರಾನೇ ಮಾಡಿಸಿದ್ದ. ಹೊಸ ನಳಿಗೆ ಅಂದ್ರೆ ಗಂಟಲು ಗಿಡ್ಡ. ಅದಕ್ಕೇ ತೋಟಾ ಗಿಡ್ಡ. ಅಷ್ಟೇ! ಇಷ್ಟಕ್ಕೆ ಮುಖ ಹಾಗ್ಯಾಕೆ? ನನಗೆ ಹೇಗೆ ಗೊತ್ತಾಯ್ತು ಅಂದ್ರೆ... ಕಾಯಾನಿ ಪೇಟೆಯ ಬಂದೂಕು ರಿಪೇರಿಯವನು ಫೋನ್ ಮಾಡಿದ್ದ. ಹೂಂ. ಬೇಸಿಗೆ ಕೊನೇಲಿ. ನಳಿಗೆ ಕಟ್ಟಿದೀನಿ ಸುಲೊ, ಗಂಟಲು ಇಷ್ಟಿದೆ, ತೋಟಾ ನೋಡ್ಕೊಂಡು ತುಂಬು ಅಂದ. ಬೇಕಾದ್ರೆ ಅವನನ್ನೇ...

ಆ ಚೀಲದಲ್ಲೇನು?

ನಾನು ಆಗಲೇ ಕೇಳಬೇಕು ಅಂತಿದ್ದೆ, ಬರೋವಾಗ ಬಾಗಿಲ ಹತ್ರ ಏನೋ ಉದ್ದನೇದು ಇಟ್ಟೆಯಲ್ಲ ಅಂತ. ಬಲೆ ಕಡ್ಡಿ ಅಂದ್ಕೊಂಡೆ. ಏನದು? ...ಗೋಣಿ ಸುತ್ತಿರೋದು... ಬಿಚ್ಚು.

ಓ.

ಹಳೇ ನಳಿಗೆ. ಅಪ್ಪನ ಕಾಲದ್ದು.

ರಿಪೇರಿಯವನು ಇದನ್ನ ನಿನ್ನ ಕೈಗೆ ಕೊಟ್ಟ. ಅಂದ್ರೆ... ಬಂದೂಕು ತಂದೋನು ನೀನು. ದೋಣಿ ಸಿಗೋ ಹಿಂದಿನ ದಿನ, ಶುಕ್ರವಾರ. ಹೌದು, ಅವತ್ತು ಮಧ್ಯಾಹ್ನ ನಿನ್ನ ಕಾರು ಪೇಟೆ ಕಡೆಯಿಂದ ಬಂತು, ನಾನೇ ಸೌದೆ ಸೀಳ್ತಾ ಕೈ ಎತ್ತಿದ್ದೆ. ತಂದು ಗುಡಿಸಲಲ್ಲಿ ಅಣ್ಣನ ಕೈಗೆ ಕೊಟ್ಟೆ. ಹಳೇ ನಳಿಗೆ ನಿನ್ನ ಕಾರಲ್ಲೇ ಉಳೀತು. ಶನಿವಾರ ಬೆಳಿಗ್ಗೆ ಖಾಲಿ ದೋಣಿ ಸಿಕ್ತು. ಅಂದ್ರೆ ಆ ಬಂದೂಕು ರೌನೊ ಹತ್ರ ಇದ್ದಿದ್ದು ಒಂದೇ ಒಂದು ಸಂಜೆ. ಅದರ ಗಂಟಲಿನ ಅಳತೆ ಗೊತ್ತಿರೋನು ಆ ಸಂಜೆ ಅಲ್ಲಿದ್ದಿರಲೇಬೇಕು.

ರಿಪೇರಿಯವನನ್ನ ಕೇಳಿರ್ತೀಯ ನೀನು. ಕೇಳದೆ ಬರೋನಲ್ಲ. ಅವನು ನನಗೆ ಫೋನ್ ಮಾಡಿಲ್ಲ ಅಂದಿರ್ತಾನೆ.

‘ಪೇಟೆಯಿಂದ ಬಂತು’ ಅಂದಿದ್ದ ರೌನೊ. ಯಾರು ತಂದ್ರು ಅಂತ ಕೇಳಬೇಕಿತ್ತು ನಾನು. ಅದೊಂದು ಕೇಳಲಿಲ್ಲ.

ಮಾತಾಡೋ! ಬೈಯೋ! ಎದ್ದು ಕತ್ತಿನ ಪಟ್ಟಿ ಹಿಡಿ! ಹಳೇ ಅಳತೆಗೇ ತುಂಬಬಹುದಿತ್ತು ಇಸ್ಮೊ. ಅದು ನಿನಗೂ ಗೊತ್ತು, ಅದಕ್ಕೇ ಏನೂ ಹೇಳದೆ ‘ತುಂಬಿಕೊಡು’ ಅಂದೆ ಅಲ್ವಾ? ಆ ಮೊಳೆ ಮೇಲಿನ ಹುಸಿ ತೋಟಾ ತೆಗೆದು ಅದರ ಪ್ರಕಾರ ಒಂದು ಪೆಟ್ಟಿಗೆ ಮಾಡಿ ಕೊಟ್ಟಿದ್ರೆ ನನ್ನನ್ನ ಯಾರೂ ಕೇಳ್ತಿರಲಿಲ್ಲ. ಕೂತು ಯೋಚನೆ ಮಾಡಿದೆ. ಒಂದು ತುಂಬಿಯೂ ನೋಡಿದೆ, ಉದ್ದದ್ದು. ಕೈಯಲ್ಲಿ ಹಿಡ್ಕೊಂಡೆ. ಆ ಬಂದೂಕಿನ ಹಿಂದೆ ನಿನ್ನ ಕೆನ್ನೆ ಇರುತ್ತೆ ಅಂತ ನೆನಪಾಯ್ತು. ನೀರು ಹಾಕಿದಾಗ ಅತ್ತು ಕೆಂಪಾಗಿತ್ತಲ್ಲ, ಅದೇ ಕೆನ್ನೆ. ಆ ತೋಟಾ ಕಿತ್ತು ಒಲೆ ಬೂದಿಗೆ ಹಾಕಿದೆ, ಗುಂಡು ಬೇರೆ, ಹಿತ್ತಾಳೆ ಬೇರೆ ಮಾಡಿ. ಆಮೇಲೆ ಸರಿಯಾದ ಅಳತೆಗೆ ತುಂಬಿದೆ. ತಪ್ಪಾ?

ತಪ್ಪಲ್ಲ ಅಂತಾದ್ರೂ ಅನ್ನು.

...ಆ ಸಂಜೆ ರೌನೊನೇ ಕರೆದಿದ್ದ. ನಾನಾಗಿ ಹೋಗಲಿಲ್ಲ. ‘ಬಾ ಸುಲೊ, ಹಳೇದೆಲ್ಲ ಬಿಡು, ಇದರ ಗಂಟಲು ಅಳೆಯೋಕೆ ನೀನೇ ಬೇಕು’ ಅಂದ. ಕಾಡು ದಾರಿಯಲ್ಲಿ ಕಡ್ಡಿ, ಬಳೆ ಎಲ್ಲ ಕಟ್ಕೊಂಡು ಓಡ್ಕೊಂಡೇ ಹೋದೆ ಕಣೋ, ಮದುವೆಗೆ ಕರೆದ ಹಾಗೆ. ಗುಡಿಸಲಲ್ಲಿ ಕಾಫಿ ಮಾಡಿದ. ಅಳೆದೆ. ಎಂಥಾ ನಳಿಗೆ ಅಂತೀಯ, ಕನ್ನಡಿ! ಇಬ್ಬರೂ ಮಕ್ಕಳ ಥರ ದೀಪ ಹಿಡಿದು ಹಿಡಿದು ನೋಡಿದ್ವಿ. ಬೇಸಿಗೆಯ ಸಿಟ್ಟೆಲ್ಲ ಮರೆತೇಹೋಗಿತ್ತು. ಆಮೇಲೆ ಬಲೆ ಎತ್ತೋಕೆ ದೋಣಿಯಲ್ಲಿ ನಾನೂ ಹತ್ತಿದೆ.

ನಡುನೀರಲ್ಲಿ ಕೇಳಿದೆ, ‘ಈ ಸಲ ನನಗೊಂದು ಜಾಗ ಕೊಡ್ತೀಯಲ್ಲ, ಇನ್ನೊಂದ್ಸಲ ಪರೀಕ್ಷೆ ಕೊಡ್ತೀನಿ’ ಅಂತ. ಅವನು ಎದ್ದು ನಿಂತು ಬಲೆ ಎಳೀತಿದ್ದ. ನಕ್ಕ. ‘ಬಂದೂಕಿಗೆ ಹೊಸ ಗಂಟಲು ಸಿಗುತ್ತೆ ತಾತಾ, ನಿನಗೆ ಹೊಸ ಕೈ ಎಲ್ಲಿಂದ ತರಲಿ?’ ಅಂದ. ಹಾಗಂದು ನನ್ನ ಕೈ ನಡುಗೋದನ್ನ ಅಣಕಿಸಿ ತೋರಿಸೋಕೆ ಹೋದ... ಒಂದು ಕಾಲ ಮೇಲೆ ನಿಂತು... ಒಂದು ಕಡೆ ನಿಲ್ಲೋಕೆ ಬರ್ತಿರಲಿಲ್ಲ ಅವನಿಗೆ, ಯಾವತ್ತೂ ಬರಲಿಲ್ಲ. ನಾನು ತಳ್ಳಲಿಲ್ಲ. ದೇವರಾಣೆ ತಳ್ಳಲಿಲ್ಲ. ತಾನಾಗೇ ಬಿದ್ದ. ಉದ್ದ ಬೂಟಲ್ಲಿ ನೀರು ತುಂಬಿತು. ದೋಣಿ ಅಂಚಿಗೆ ಕೈ ಎಟುಕಲಿಲ್ಲ. ನನ್ನ ಕಡೆ ಚಾಚಿದ. ಇಷ್ಟೇ ದೂರ, ಇಲ್ಲಿಂದ ಆ ಕಾಫಿ ಲೋಟದಷ್ಟು ದೂರ.

ಕುಡೀಲೇ ಇಲ್ಲ ನೀನು ಕಾಫಿ. ಬಂದಾಗಲೇ ಗೊತ್ತಾಗಬೇಕಿತ್ತು ನನಗೆ.

ಮೂಡಲ ಕೊಲ್ಲಿಯಲ್ಲಿ ಹುಡುಕಬೇಡಿ. ದಡಕ್ಕೆ ಬಂದು ಇಳಿದು, ದೋಣಿಯನ್ನ ಗಾಳಿಗೆ ಬಿಟ್ಟೋನು ನಾನು, ಗಾಳಿ ಅಲ್ಲಿಗೆ ಒಯ್ತು. ಅವನಿರೋದು ಪಡುವಲಲ್ಲಿ, ಕೊಕ್ಕರೆಬಂಡೆಯ ಆಚೆ, ಕಲ್ಲು ಒಮ್ಮೆಲೇ ಆಳಕ್ಕೆ ಇಳಿಯುತ್ತಲ್ಲ, ಅಲ್ಲಿ. ಈಗಲೇ ಹೋಗು. ಕೆರೆ ಮುಚ್ಚೋಕೆ ಮುಂಚೆ ಹೋಗು. ಹೆಲ್ವಿಗೆ ಆ ಬತ್ತಿ ಇಡೋಕೆ ಒಂದು ಜಾಗ ಆಗಲಿ.

ಕೇಳು, ಬಾಗಿಲಲ್ಲಿ ಒಂದು ನಿಮಿಷ ನಿಲ್ಲು. ಎಲ್ಲರೂ ಕೇಳ್ತಾರೆ, ನೀನು ಸರಿಯಾಗಿ ಹೇಳಬೇಕು. ಕೈ ನಡುಗ್ತು, ಅದಕ್ಕೇ ಹಿಡಿಯೋಕೆ ಆಗಲಿಲ್ಲ ಅಂತ ಊರವರು ಅಂದ್ಕೊಳ್ತಾರೆ. ಪೊಲೀಸರೂ ಹಾಗೇ ಬರ್ಕೊಳ್ತಾರೆ, ಪಾಪ ಮುದುಕ ಅಂತ. ಹಾಗೆ ಬರೆಯೋಕೆ ಬಿಡಬೇಡ. ಅವನು ನನ್ನ ಕಡೆ ಕೈ ಚಾಚಿದಾಗ ನನ್ನ ಎರಡು ಕೈಯೂ ತೊಡೆ ಮೇಲಿದ್ವು ಇಸ್ಮೊ. ನಾನು ನೋಡ್ತಾ ಇದ್ದೆ. ನಡುಗ್ತಾ ಇರಲಿಲ್ಲ.